ತಿಂಗಳಲ್ಲಿ 20 ದಿನ ತಲೆನೋವು: ಪಥ್ಯದ ಪಟ್ಟಿಗಿಂತ ಮೊದಲು ಮಾತ್ರೆಯ ಲೆಕ್ಕ

ಪ್ರಶ್ನೆ: ನನಗೆ 39 ವರ್ಷ. ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಬಿ.ಎಡ್. ಓದುವಾಗಿನಿಂದಲೂ ಅರೆತಲೆನೋವು ಇದೆ. ಎಡಗಣ್ಣಿನ ಮೇಲಿಂದ ಶುರುವಾಗಿ ಕಣತಲೆ ಪಟಪಟ ಹೊಡೆದುಕೊಳ್ಳುತ್ತದೆ. ಬೆಳಕು, ಸದ್ದು ಎರಡನ್ನೂ ತಡೆಯಲಾಗುವುದಿಲ್ಲ. ವಾಂತಿಯಾಗಿ, ಕತ್ತಲೆಯಲ್ಲಿ ಮಲಗಿ ಎದ್ದರೆ ಇಳಿಯುತ್ತದೆ. ಮೊದಲು ತಿಂಗಳಿಗೆ ಮೂರು ನಾಲ್ಕು ಸಲ ಬರುತ್ತಿತ್ತು. ಮುಟ್ಟಿಗೆ ಎರಡು ದಿನ ಮುಂಚೆಯಂತೂ ತಪ್ಪುತ್ತಿರಲಿಲ್ಲ. ಕಳೆದ ವರ್ಷ ದೂರದ ಶಾಲೆಗೆ ವರ್ಗವಾಯಿತು. ಬೆಳಿಗ್ಗೆ 7.30ರ ಬಸ್ಸು ಹಿಡಿಯಬೇಕು, ತಿಂಡಿಗೆ ಹೊತ್ತಿರುವುದಿಲ್ಲ. ಈಗ ತಿಂಗಳಲ್ಲಿ 18ರಿಂದ 20 ದಿನ ತಲೆನೋವು. ಏಳುವಾಗಲೇ ತಲೆಯೆಲ್ಲ ಭಾರ. ಸೋಮವಾರ ಒಪ್ಪತ್ತು ಇರುತ್ತೇನೆ, ಅವತ್ತೇ ಜಾಸ್ತಿ. ಭಾನುವಾರ ಒಂದು ದಿನ ಮಾತ್ರ ಒಂಬತ್ತರವರೆಗೆ ನಿದ್ದೆ. ಮೆಡಿಕಲ್ ಶಾಪಿನಿಂದ ತಂದ ತಲೆನೋವಿನ ಮಾತ್ರೆಯನ್ನು ದಿನಕ್ಕೊಂದು, ಕೆಲವೊಮ್ಮೆ ಎರಡು ನುಂಗುತ್ತೇನೆ; ಮೊದಲಿನಂತೆ ಕೆಲಸ ಮಾಡುವುದಿಲ್ಲ. ಸೈನಸ್ ಎಂದು ಮೂಗಿಗೆ ಹನಿ ಹಾಕಿದ್ದಾಯಿತು, ಕನ್ನಡಕ ಬದಲಿಸಿದ್ದಾಯಿತು. ಸಿ.ಟಿ. ಸ್ಕ್ಯಾನ್, ಬಿ.ಪಿ. ಎರಡೂ ಸರಿಯಿವೆ. ಪಿತ್ತ ಹೆಚ್ಚಾಗಿದೆ, ತಲೆಗೆ ಸ್ನಾನ ಮಾಡಿದ ದಿನ ಬಂದೇ ಬರುತ್ತದೆ ಎನ್ನುತ್ತಾರೆ ಅತ್ತೆಯವರು. ಅದು ಸುಳ್ಳೂ ಅಲ್ಲ. ಒಳಗೆ ಗಡ್ಡೆ ಏನಾದರೂ ಇರಬಹುದೇ? ಜೀವನಪೂರ್ತಿ ಮಾತ್ರೆಯೇ ಗತಿಯೇ? ಏನು ತಿನ್ನಬಾರದು ಎಂಬ ಪಟ್ಟಿ ಕೊಟ್ಟರೆ ಮನೆಯಲ್ಲೇ ಪಾಲಿಸುತ್ತೇನೆ. 11 ವರ್ಷದ ಮಗಳೂ ಈಚೆಗೆ ತಲೆನೋವು ಎನ್ನುತ್ತಿದ್ದಾಳೆ. ಅದು ನನ್ನಿಂದಲೇ ಬಂತೇ?

ಉತ್ತರ: ಗಡ್ಡೆಯ ಮಾತನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಆ ಭಯ ತಲೆಯಲ್ಲಿ ಕುಳಿತಿರುವವರೆಗೆ ಉಳಿದ ಮಾತು ಕಿವಿಗೆ ಇಳಿಯುವುದಿಲ್ಲ. ಹತ್ತು ಹದಿನೈದು ವರ್ಷದಿಂದ ಒಂದೇ ಚಹರೆಯಲ್ಲಿ ಬಂದುಹೋಗುವ, ವಾಂತಿಯಾಗಿ ಮಲಗಿದರೆ ಇಳಿಯುವ, ಮುಟ್ಟಿನ ದಿನ ನೋಡಿಕೊಂಡು ಬರುವ ನೋವು ಗಡ್ಡೆಯ ಸ್ವಭಾವವಲ್ಲ. ಸ್ಕ್ಯಾನ್ ಕೂಡ ಸರಿಯಿದೆ. ನೀವು ಬರೆದಿರುವುದು ಮೈಗ್ರೇನಿನ ಲಕ್ಷಣ, ಪಠ್ಯಪುಸ್ತಕದಲ್ಲಿ ಇರುವಂತೆಯೇ ಇದೆ. ನಿಮ್ಮನ್ನು ಕೂರಿಸಿ ಪರೀಕ್ಷಿಸದೆ ಇದಕ್ಕಿಂತ ಖಚಿತವಾಗಿ ಯಾರೂ ಹೇಳಬಾರದು, ಆದರೆ ನಿಮ್ಮಂಥ ಹತ್ತು ಜನರ ಕಥೆ ವಾರಕ್ಕೊಮ್ಮೆ ಕೇಳುವ ನರರೋಗ ವೈದ್ಯನಿಗೆ ಇಲ್ಲಿ ಹೆಚ್ಚು ಅನುಮಾನ ಉಳಿಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ ಸಾಲು ಬೇರೆಯೇ ಇದೆ. ‘ದಿನಕ್ಕೊಂದು, ಕೆಲವೊಮ್ಮೆ ಎರಡು’ ಎಂದು ಮಾತ್ರೆಯ ವಿಷಯವನ್ನು ದಾರಿಯಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನೀವು ಕೇಳಿದ ಪಥ್ಯದ ಪಟ್ಟಿಗಿಂತ ಅದರ ಲೆಕ್ಕವೇ ಮುಖ್ಯ.

ಪಿತ್ತ, ಸೈನಸ್, ಗ್ಯಾಸ್

ಮೈಗ್ರೇನ್ ನಮ್ಮಲ್ಲಿ ಅಪರೂಪದ ಕಾಯಿಲೆಯಲ್ಲ. ಬೆಂಗಳೂರು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ 2,329 ವಯಸ್ಕರನ್ನು ಮನೆಮನೆಗೆ ಹೋಗಿ ಮಾತನಾಡಿಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ನಿಮ್ಹಾನ್ಸ್‌ನ ಸಂಶೋಧಕರು ಅದರಲ್ಲಿದ್ದರು. ಒಂದು ವರ್ಷದ ಅವಧಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು. ಹಾಗಿದ್ದೂ ಆ ಹೆಸರು ಕೇಳುವ ಮುನ್ನ ಹೆಚ್ಚಿನವರು ಕಿವಿ-ಮೂಗು-ಗಂಟಲು, ಕಣ್ಣು, ಹೊಟ್ಟೆ ಎಂದು ಮೂರು ಬಾಗಿಲು ಸುತ್ತಿ ಬಂದಿರುತ್ತಾರೆ. ನೀವೂ ಸುತ್ತಿದ್ದೀರಿ.

ಇದಕ್ಕೆ ಕಾರಣವಿದೆ. ಮೈಗ್ರೇನಿನಲ್ಲಿ ಕೆರಳುವುದು ಮುಖ, ಹಣೆ, ಕಣ್ಣಿನ ಸುತ್ತಲಿನ ಸ್ಪರ್ಶವನ್ನು ಮೆದುಳಿಗೆ ಒಯ್ಯುವ ಟ್ರೈಜೆಮಿನಲ್ ನರ. ಅದರ ತುದಿಗಳಿಂದ ಸಿಜಿಆರ್‌ಪಿ ಎಂಬ ಪ್ರೋಟೀನು ತುಣುಕು ಹೊರಬಿದ್ದು, ಮೆದುಳಿನ ಹೊದಿಕೆಯ ರಕ್ತನಾಳಗಳು ಹಿಗ್ಗುತ್ತವೆ, ನೋವಿನ ಸಂಕೇತ ಗಟ್ಟಿಯಾಗುತ್ತದೆ. ಅದೇ ಹೊತ್ತಿಗೆ ಮೂಗು ಕಟ್ಟಬಹುದು, ಕಣ್ಣಲ್ಲಿ ನೀರು ಬರಬಹುದು. ಸೈನಸ್ ಎಂಬ ಅನುಮಾನ ಹುಟ್ಟುವುದು ಇಲ್ಲೇ. 2004ರಲ್ಲಿ ಅಮೆರಿಕದಲ್ಲಿ, ತಮಗೆ ಸೈನಸ್ ತಲೆನೋವು ಇದೆ ಎಂದೇ ನಂಬಿದ್ದ ಸುಮಾರು 3,000 ಜನರನ್ನು ವಿಚಾರಿಸಿದಾಗ ನೂರಕ್ಕೆ 88 ಜನರ ನೋವು ಮೈಗ್ರೇನಿನ ಮಾನದಂಡಕ್ಕೆ ಹೊಂದಿತು. ನಿಜವಾದ ಸೈನಸ್ ಸೋಂಕಿನಲ್ಲಿ ದಪ್ಪ ಹಳದಿ ಅಥವಾ ಹಸಿರು ಸಿಂಬಳ, ಬಹಳ ಸಲ ಜ್ವರ ಇರುತ್ತದೆ; ಅದು ವರ್ಷಗಟ್ಟಲೆ ತಿಂಗಳಿಗೆ ನಾಲ್ಕು ಸಲ ಬಂದುಹೋಗುವುದಿಲ್ಲ. ಮೂಗು ಕಟ್ಟಿದ್ದನ್ನು ಬಿಡಿಸುವ ಹನಿಯನ್ನು ವಾರಕ್ಕಿಂತ ಹೆಚ್ಚು ಹಾಕುತ್ತಿದ್ದರೆ ಇಂದೇ ನಿಲ್ಲಿಸಿ, ಅದರಿಂದಲೇ ಮೂಗು ಮತ್ತೆ ಕಟ್ಟುತ್ತದೆ.

‘ಗ್ಯಾಸ್ ತಲೆಗೆ ಏರಿದೆ’, ‘ಪಿತ್ತ’ ಎಂಬ ಮಾತುಗಳ ಹಿಂದೆ ನೋಟವೊಂದಿದೆ, ತೀರ್ಮಾನ ಮಾತ್ರ ತಿರುಗುಮುರುಗು. ಮೈಗ್ರೇನ್ ಶುರುವಾದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ತಿಂದದ್ದು ಅಲ್ಲೇ ಕೂತು ಹೊಟ್ಟೆ ತೊಳಸುತ್ತದೆ, ಹುಳಿತೇಗು ಬರುತ್ತದೆ. ಹೊಟ್ಟೆಯ ತೊಂದರೆ ತಲೆನೋವಿನ ಭಾಗ, ಕಾರಣವಲ್ಲ. ನೋವು ಏರಿದ ಮೇಲೆ ನುಂಗಿದ ಮಾತ್ರೆ ಸರಿಯಾಗಿ ಕೆಲಸ ಮಾಡದಿರಲು ಇದೂ ಒಂದು ಕಾರಣ: ಅದು ಕರುಳಿಗೆ ಇಳಿಯದೆ ಹೊಟ್ಟೆಯಲ್ಲೇ ಕೂತಿರುತ್ತದೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವವರನ್ನು ನೋಡುತ್ತಿರುತ್ತೇನೆ, ಅದು ಬೇಡ. ಕನ್ನಡಕದ ನಂಬರು ತಪ್ಪಿದ್ದರೆ ಕಣ್ಣು ದಣಿದು ಸಂಜೆ ಹಣೆ ಭಾರವಾಗುತ್ತದೆಯೇ ಹೊರತು ವಾಂತಿ ಬರುವ ನೋವು ಬರುವುದಿಲ್ಲ. ಬಿ.ಪಿ.ಯೂ ತೀರ ಮಿತಿಮೀರಿದಾಗ ಬಿಟ್ಟರೆ ತಲೆನೋವು ತರುವುದಿಲ್ಲ.

ತಲೆಸ್ನಾನದ ವಿಷಯದಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ. ಇದು ನಮ್ಮ ದೇಶದ ರೋಗಿಗಳು ಪದೇಪದೇ ಹೇಳುವ ಕಾರಣ. ಮುಂಬೈಯ ತಲೆನೋವು ತಜ್ಞರೊಬ್ಬರು ತಲೆಸ್ನಾನದಿಂದ ಮೈಗ್ರೇನ್ ಬರುವ 94 ರೋಗಿಗಳ ವಿವರವನ್ನು 2006ರಲ್ಲೇ ವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟಿಸಿದ್ದರು. ವಿದೇಶಿ ಪುಸ್ತಕಗಳಲ್ಲಿ ಇಲ್ಲ ಎಂಬ ಕಾರಣಕ್ಕೆ ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವೈದ್ಯರಿಗೆ ನನ್ನ ಬೆಂಬಲವಿಲ್ಲ.

ಮಾತ್ರೆಯೇ ನೋವಾದಾಗ

ತಿಂಗಳಿಗೆ ನಾಲ್ಕು ಸಲ ಬರುತ್ತಿದ್ದ ನೋವು ಒಂದೇ ವರ್ಷದಲ್ಲಿ 20 ದಿನಕ್ಕೆ ಏರಿದ್ದೇಕೆ? ವರ್ಗಾವಣೆ, ಪ್ರಯಾಣ, ತಪ್ಪಿದ ತಿಂಡಿ ಇವೆಲ್ಲ ಶುರುಮಾಡಿರಬಹುದು. ಮುಂದುವರಿಸುತ್ತಿರುವುದು ಬಹುಶಃ ಮಾತ್ರೆ. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವಿರುವ ಮೈಗ್ರೇನ್ ರೋಗಿ, ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ನೋವುನಿವಾರಕವನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಇಲ್ಲವೇ ಮಿಶ್ರ ಮಾತ್ರೆ, ಮೈಗ್ರೇನಿಗೆಂದೇ ಇರುವ ಎರ್ಗೋಟಮಿನ್, ಟ್ರಿಪ್ಟಾನ್‌ಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗಿದ್ದರೆ ಅದಕ್ಕೆ ಪ್ರತ್ಯೇಕ ರೋಗನಿರ್ಣಯವೇ ಇದೆ: ಔಷಧದ ಅತಿಬಳಕೆಯ ತಲೆನೋವು. ಅಂತರರಾಷ್ಟ್ರೀಯ ವರ್ಗೀಕರಣ ಹಾಕಿದ ಗೆರೆ ಇದು. ಇಲ್ಲಿ ಎಣಿಸುವುದು ಮಾತ್ರೆಯನ್ನಲ್ಲ, ಮಾತ್ರೆ ನುಂಗಿದ ದಿನವನ್ನು.

ನಿಮ್ಮ ಮಾತ್ರೆಯ ಸ್ಟ್ರಿಪ್ಪನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಎರಡು ಮೂರು ಔಷಧಗಳ ಹೆಸರು, ಜೊತೆಗೆ ಕೆಫೀನ್ ಎಂದಿದ್ದರೆ ಅದು ಮಿಶ್ರ ಮಾತ್ರೆ, ನಿಮಗೆ ಅನ್ವಯಿಸುವುದು 10 ದಿನದ ಗೆರೆ. ಇಂಥ ಮಾತ್ರೆ ಬಡ್ಡಿಗೆ ತಂದ ಕೈಸಾಲ. ಇವತ್ತಿನ ತುರ್ತು ಕಳೆಯುತ್ತದೆ, ನಾಳೆ ಬೆಳಿಗ್ಗೆ ಅದೇ ಬಾಗಿಲು ತಟ್ಟುತ್ತದೆ. ಪದೇಪದೇ ನೋವುನಿವಾರಕ ಬಿದ್ದಂತೆ ಮೈಗ್ರೇನ್ ಇರುವವರ ಮೆದುಳು ನೋವಿಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ರಾತ್ರಿಯೆಲ್ಲ ಮಾತ್ರೆ ಇಳಿದು ಬೆಳಿಗ್ಗೆ ಏಳುವಾಗಲೇ ತಲೆಯೆಲ್ಲ ಭಾರ. ನೀವು ಬರೆದದ್ದೂ ಅದನ್ನೇ. ಮಂಡಿನೋವಿಗೆಂದು ದಿನವೂ ಇದೇ ಮಾತ್ರೆ ನುಂಗುವ, ಹಿಂದೆಂದೂ ತಲೆನೋವು ಇರದ ಹಿರಿಯರಿಗೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಆದ್ದರಿಂದ ಇದು ನಿಮ್ಮ ಚಟವೂ ಅಲ್ಲ, ದೌರ್ಬಲ್ಯವೂ ಅಲ್ಲ. ಪಾಠ ನಿಲ್ಲಬಾರದೆಂದು ನುಂಗಿದ್ದೀರಿ, ಅಷ್ಟೇ.

ಹೊರಬರುವ ದಾರಿ ಎಂದರೆ ನಿಲ್ಲಿಸುವುದು. ಸಾದಾ ಮತ್ತು ಕೆಫೀನ್ ಸೇರಿದ ನೋವುನಿವಾರಕಗಳನ್ನು ಸಾಮಾನ್ಯವಾಗಿ ಒಮ್ಮೆಲೇ ನಿಲ್ಲಿಸಬಹುದು. ಕೋಡೀನ್, ಟ್ರಮಡಾಲ್ ಅಥವಾ ನಿದ್ದೆಮಾತ್ರೆಯ ಅಂಶ ಇರುವುದಾದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ನಿಧಾನವಾಗಿ ಇಳಿಸಬೇಕು. ನಿಲ್ಲಿಸಿದ ಮೇಲೆ 2ರಿಂದ 10 ದಿನ ತಲೆನೋವು ಹೆಚ್ಚಾಗುತ್ತದೆ. ವಾಕರಿಕೆ, ನಿದ್ದೆಗೇಡು, ಸಿಡುಕು ಇರುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ಮೂರನೆಯ ದಿನ ‘ಡಾಕ್ಟರು ಹೇಳಿದ್ದು ಸುಳ್ಳು’ ಎಂದು ಎಲ್ಲರೂ ಹಳೆಯ ಮಾತ್ರೆಗೆ ಮರಳುತ್ತಾರೆ. ನಿಮಗೆ ಅನುಕೂಲವೊಂದಿದೆ: ದಸರಾ ರಜೆ ಅಥವಾ ಬೇಸಿಗೆ ರಜೆಯ ಮೊದಲ ದಿನವೇ ಶುರುಮಾಡಿ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ವಾರದಲ್ಲಿ ಬೇಡ. ಅಷ್ಟು ದಿನ ದಾಟಿದ ಮೇಲೆ ಬಹುತೇಕರಿಗೆ ಒಂದೆರಡು ತಿಂಗಳಲ್ಲಿ ನೋವಿನ ದಿನಗಳು ಕಡಿಮೆಯಾಗಿ, ಹಳೆಯ ಬಿಡಿಬಿಡಿ ಮೈಗ್ರೇನ್ ಮಾತ್ರ ಉಳಿಯುತ್ತದೆ. ಅದನ್ನು ನಿಭಾಯಿಸುವುದು ಇದಕ್ಕಿಂತ ಸುಲಭ. ಈ ಅವಧಿಯಲ್ಲಿ ಕಾಫಿಯನ್ನು ಏಕಾಏಕಿ ಬಿಡಬೇಡಿ, ಹೆಚ್ಚಿಸಲೂ ಬೇಡಿ. ವರ್ಷದಿಂದ ನೋವುನಿವಾರಕ ನುಂಗಿರುವುದರಿಂದ ಒಮ್ಮೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ನಿಮ್ಮ ಸೋಮವಾರ

ತಿನ್ನಬಾರದ ಪದಾರ್ಥಗಳ ಪಟ್ಟಿ ಕೊಡುವುದಿಲ್ಲ. ಚಾಕೊಲೇಟು, ಹಳೆಯ ಚೀಸು, ವೈನು ಎಂದು ತಿರುಗಾಡುವ ಪಟ್ಟಿಗಳು ನಮ್ಮ ಅಡುಗೆಮನೆಗೆ ಬರೆದದ್ದಲ್ಲ. ಅದನ್ನು ನಂಬಿ ಬಾಳೆಹಣ್ಣು, ಮೊಸರು, ಕಡಲೆಕಾಯಿ ಎಲ್ಲ ಬಿಟ್ಟು ಸೊರಗಿದವರು ಬರುತ್ತಾರೆ, ತಲೆನೋವು ಮಾತ್ರ ಹಾಗೇ ಇರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ನೋವು ಕಾಣಿಸುವ ಒಂದೆರಡು ದಿನ ಮೊದಲೇ ಮೆದುಳಿನ ಹೈಪೊಥಲಾಮಸ್ ಭಾಗದಲ್ಲಿ ಬದಲಾವಣೆ ಶುರುವಾಗಿರುತ್ತದೆ. ಆಗ ಆಕಳಿಕೆ, ಕತ್ತುಬಿಗಿತ, ಸಿಹಿ ತಿನ್ನುವ ಆಸೆ ಬರುತ್ತವೆ. ಮೈಸೂರು ಪಾಕು ತಿಂದೆ, ತಲೆನೋವು ಬಂತು ಎನ್ನುತ್ತೇವೆ. ತಲೆನೋವು ಹೊರಟಾಗಿತ್ತು, ಅದಕ್ಕೇ ಮೈಸೂರು ಪಾಕು ಬೇಕೆನಿಸಿತು.

ನಿಮ್ಮದೇ ಯೋಜನೆಗೆ ನಿಮ್ಮದೇ ಲೆಕ್ಕ ಬೇಕು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಮನೆಯಲ್ಲಿ ಇದ್ದೇ ಇರುತ್ತದೆ. ಅದರ ಪ್ರತಿ ಚೌಕದ ಮೂಲೆಯಲ್ಲಿ ನಾಲ್ಕು ಗುರುತು ಸಾಕು: ನೋವು ಎಷ್ಟು (ಕೆಲಸ ಮಾಡಬಹುದಾದರೆ 1, ಕಷ್ಟದಿಂದ ಮಾಡಿದರೆ 2, ಮಲಗಿದರೆ 3), ಮಾತ್ರೆ ನುಂಗಿದ್ದರೆ ‘ಮಾ’, ಮುಟ್ಟಿನ ದಿನಕ್ಕೆ ಚುಕ್ಕೆ, ತಿಂಡಿ ತಪ್ಪಿದ್ದರೆ ಅಡ್ಡಗೆರೆ. ತಲೆಸ್ನಾನದ ದಿನ ಹೇಗೂ ನೆನಪಿರುತ್ತದೆ. ಎರಡು ತಿಂಗಳು ಬರೆದರೆ, ಯಾವ ಸ್ಕ್ಯಾನೂ ಹೇಳದ್ದನ್ನು ಅದು ಹೇಳುತ್ತದೆ.

ಬರೆಯುವ ಮೊದಲೇ ನಿಮ್ಮ ಪತ್ರದಲ್ಲಿ ಸೋಮವಾರ ಎದ್ದು ಕಾಣುತ್ತಿದೆ. ಭಾನುವಾರ ಒಂಬತ್ತರವರೆಗೆ ನಿದ್ದೆ, ಆದ್ದರಿಂದ ರಾತ್ರಿ ನಿದ್ದೆ ತಡ, ಸೋಮವಾರ ಮತ್ತೆ ಐದಕ್ಕೆ ಏಳಬೇಕು. ಪೂಜೆಗೆಂದು ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡುವವರಾದರೆ ಒಣಗದ ಕೂದಲನ್ನು ಹೆಣೆದುಕೊಂಡೇ ಬಸ್ಸು ಹತ್ತುತ್ತೀರಿ. ಒಪ್ಪತ್ತು, ಹಾಗಾಗಿ ಮಧ್ಯಾಹ್ನದವರೆಗೆ ಅಥವಾ ಸಂಜೆಯವರೆಗೆ ಹೊಟ್ಟೆ ಖಾಲಿ. ಇವುಗಳಲ್ಲಿ ಒಂದೊಂದನ್ನೂ ಮೆದುಳು ತಾಳಿಕೊಳ್ಳುತ್ತಿತ್ತೇನೋ. ಮೂರೂ ಒಂದೇ ಬೆಳಿಗ್ಗೆ ಬಂದರೆ, ಮೇಲೆ ಅದು ಮುಟ್ಟಿನ ಹಿಂದಿನ ದಿನವಾದರೆ, ತಡೆಯುವುದಿಲ್ಲ. ಕೆಲವು ಸೋಮವಾರ ಏನೂ ಆಗದೆ ಕೆಲವು ಸೋಮವಾರ ಮಲಗಿಸಿಬಿಡುವುದು ಹೀಗೆ.

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲ ತಿಂಗಳು ತಲೆಸ್ನಾನವನ್ನು ಶನಿವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಬೆಚ್ಚಗಿನ ನೀರು, ಪೂರ್ತಿ ಒಣಗುವವರೆಗೆ ಕೂದಲು ಬಿಚ್ಚಿರಲಿ. ಸೋಮವಾರ ಪೂಜೆಗೆ ಮೈಗೆ ಸ್ನಾನ ಸಾಕೇ ಎಂಬುದನ್ನು ಅತ್ತೆಯವರೊಂದಿಗೆ ನೀವೇ ಮಾತನಾಡಬೇಕು, ಅದಕ್ಕೆ ಔಷಧ ನನ್ನ ಬಳಿ ಇಲ್ಲ. ಎರಡನೆಯ ತಿಂಗಳು ಒಪ್ಪತ್ತಿನ ದಿನ ಬೆಳಿಗ್ಗೆ ಹಾಲು-ಹಣ್ಣು ಅಥವಾ ಮೊಸರವಲಕ್ಕಿ ತೆಗೆದುಕೊಂಡು ನೋಡಿ. ವ್ರತ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೂ ಕೇಳುವುದಿಲ್ಲ. ಭಾನುವಾರ ಏಳುವ ಹೊತ್ತು ಉಳಿದ ದಿನಕ್ಕಿಂತ ಒಂದು ಗಂಟೆಗೆ ಮೀರದಿರಲಿ. ದಣಿವಿದ್ದರೆ ಮಧ್ಯಾಹ್ನ ಅರ್ಧ ಗಂಟೆ ಮಲಗಿ.

ತಿಂಡಿಯದು ಮಾತ್ರ ನಾಳೆಯಿಂದಲೇ. ಹಿಂದಿನ ರಾತ್ರಿಯ ಚಪಾತಿ ಸುರುಳಿಯೋ ಎರಡು ಇಡ್ಲಿಯೋ ಡಬ್ಬಿಯಲ್ಲಿರಲಿ, ಬಸ್ಸಿನಲ್ಲೇ ತಿನ್ನಿ. ಎಚ್ಚರವಿರುವ ಹೊತ್ತಿನಲ್ಲಿ ಊಟ ತಿಂಡಿಯ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಬಿಡಬೇಡಿ. ಶಾಲೆಯ ಶೌಚಾಲಯದ ಸ್ಥಿತಿಗೆ ಹೆದರಿ ದಿನವಿಡೀ ನೀರು ಕುಡಿಯದ ಶಿಕ್ಷಕಿಯರು ನನ್ನ ಬಳಿ ಬಂದಿದ್ದಾರೆ, ನೀವೂ ಅವರಲ್ಲೊಬ್ಬರಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕಾಫಿ ದಿನಕ್ಕೆ ಎರಡು ಲೋಟ, ಭಾನುವಾರವೂ ಅದೇ ಹೊತ್ತಿಗೆ. ಪ್ರಾರ್ಥನೆಯ ಬಿಸಿಲಿಗೆ ಟೋಪಿಯೋ ತಂಪು ಕನ್ನಡಕವೋ ಇರಲಿ, ಮಕ್ಕಳು ಎರಡು ದಿನ ನಕ್ಕು ಸುಮ್ಮನಾಗುತ್ತಾರೆ.

ನಡಿಗೆಯನ್ನು ನಾನು ಔಷಧದಷ್ಟೇ ಗಂಭೀರವಾಗಿ ಬರೆದುಕೊಡುತ್ತೇನೆ. ಸ್ವೀಡನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ವಾರಕ್ಕೆ ಮೂರು ದಿನ 40 ನಿಮಿಷದ ವ್ಯಾಯಾಮ, ಟೊಪಿರಮೇಟ್ ಎಂಬ ಮೈಗ್ರೇನ್ ಔಷಧಕ್ಕಿಂತ ಹಿಂದೆ ಬೀಳಲಿಲ್ಲ. ದೆಹಲಿಯ ಏಮ್ಸ್ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಔಷಧದ ಜೊತೆ ಯೋಗ ಮಾಡಿದವರಿಗೆ ಬರೀ ಔಷಧ ತೆಗೆದುಕೊಂಡವರಿಗಿಂತ ಹೆಚ್ಚು ಗುಣ ಕಂಡಿತು. ‘ಜೊತೆ’ ಎಂಬುದನ್ನು ಗಮನಿಸಿ. ನೋವು ಇರುವ ದಿನ ಮಾತ್ರ ವ್ಯಾಯಾಮ ಬೇಡ, ಆಗ ಅದು ನೋವನ್ನು ಹೆಚ್ಚಿಸುತ್ತದೆ.

ಇನ್ನು ಔಷಧಗಳು. ನೋವು ಬಂದಾಗ ನುಂಗುವುದು ಒಂದು ಬಗೆ, ಬರದಂತೆ ದಿನವೂ ತೆಗೆದುಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ ನ್ಯಾಪ್ರೊಕ್ಸೆನ್ 500 ಮಿ.ಗ್ರಾಂ., ಜೊತೆಗೆ ವಾಕರಿಕೆಗೆ ಡಾಂಪೆರಿಡೋನ್. ಸಾಲದಿದ್ದರೆ ಸುಮಟ್ರಿಪ್ಟಾನ್ ಅಥವಾ ರಿಝಟ್ರಿಪ್ಟಾನ್. ನೋವು ಇನ್ನೂ ಸಣ್ಣದಿರುವಾಗಲೇ ತೆಗೆದುಕೊಳ್ಳಬೇಕು, ವಾರಕ್ಕೆ ಎರಡು ದಿನ ಮೀರಬಾರದು. ಸ್ಟ್ರಿಪ್ಪಿನ ಮೇಲೆ ಪೆನ್ನಿನಿಂದ ದಿನಾಂಕ ಬರೆದಿಡಿ, ಲೆಕ್ಕ ತಪ್ಪುವುದಿಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ನ್ಯಾಪ್ರೊಕ್ಸೆನ್ ಬೇಡ; ಜ್ವರವಿದ್ದು ಡೆಂಗಿಯ ಅನುಮಾನವಿದ್ದಾಗಲಂತೂ ಯಾರಿಗೂ ಬೇಡ. ಹೃದ್ರೋಗ, ಪಾರ್ಶ್ವವಾಯು, ಹತೋಟಿಯಲ್ಲಿಲ್ಲದ ಬಿ.ಪಿ. ಇದ್ದವರಿಗೆ ಟ್ರಿಪ್ಟಾನ್ ಕೂಡದು. ಮುಟ್ಟು ನಿಯಮಿತವಾಗಿದ್ದರೆ ಆ ನಾಲ್ಕೈದು ದಿನಕ್ಕೆ ಮಾತ್ರ ಮುಂಚಿತವಾಗಿ ನ್ಯಾಪ್ರೊಕ್ಸೆನ್ ಶುರುಮಾಡುವ ಕ್ರಮವೂ ಇದೆ. ಅದು ಅತಿಬಳಕೆಯಿಂದ ಹೊರಬಂದ ಮೇಲಿನ ಮಾತು.

ನಿಮ್ಮ ಸ್ಥಿತಿಗೆ ತಡೆಯುವ ಔಷಧ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಪ್ರೊಪ್ರನೊಲಾಲ್ ಹಳೆಯದು, ಅಗ್ಗ, ಒಳ್ಳೆಯದು. ಉಬ್ಬಸ ಇದ್ದವರಿಗೆ ಅಪಾಯ, ಮತ್ತು ಅದರ ಜೊತೆ ರಿಝಟ್ರಿಪ್ಟಾನ್ ಅರ್ಧ ಪ್ರಮಾಣದಲ್ಲೇ ಕೊಡಬೇಕು. ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿ.ಗ್ರಾಂ.ನಿಂದ ಶುರು, ನಿದ್ದೆಗೆಟ್ಟವರಿಗೆ ಅನುಕೂಲ, ಬಾಯಿ ಒಣಗುತ್ತದೆ, ಬೆಳಿಗ್ಗೆ ಜೋಂಪು ಇರಬಹುದು. ಅದು ಖಿನ್ನತೆಯ ಮಾತ್ರೆ ಎಂದು ಅಂಗಡಿಯವರು ಹೇಳಿದರೆ ಗಾಬರಿಯಾಗಬೇಡಿ, ಈ ಪ್ರಮಾಣದಲ್ಲಿ ಅದು ನೋವಿಗಾಗಿ. ಫ್ಲುನರಿಝಿನ್ ನಮ್ಮಲ್ಲಿ ಧಾರಾಳವಾಗಿ ಬರೆಯುವ ಮಾತ್ರೆ. ತೂಕ ಏರುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ, ವರ್ಷಗಟ್ಟಲೆ ನುಂಗಿದ ಹಿರಿಯರಿಗೆ ಕೈನಡುಕ ಬಂದದ್ದನ್ನು ನೋಡಿದ್ದೇನೆ. ಟೊಪಿರಮೇಟ್ ಮತ್ತು ವಾಲ್‌ಪ್ರೊಯೇಟ್ ಗರ್ಭದ ಶಿಶುವಿಗೆ ಹಾನಿ ಮಾಡುತ್ತವೆ. ವಾಲ್‌ಪ್ರೊಯೇಟನ್ನು ಗರ್ಭ ಧರಿಸುವ ವಯಸ್ಸಿನವರಿಗೆ ಮೈಗ್ರೇನಿಗೆಂದು ನಾನು ಬರೆಯುವುದೇ ಇಲ್ಲ. ಸಿಜಿಆರ್‌ಪಿಯನ್ನೇ ತಡೆಯುವ ಹೊಸ ಚುಚ್ಚುಮದ್ದುಗಳಿವೆ, ದುಬಾರಿ, ನಿಮ್ಮ ಮೊದಲ ಮೆಟ್ಟಿಲಲ್ಲ. ಯಾವುದನ್ನೇ ಆರಿಸಲಿ, ಎರಡು ಮೂರು ತಿಂಗಳು ಕೊಡದೆ ಫಲವಿಲ್ಲ ಎನ್ನಬೇಡಿ. ಹಿಡಿತಕ್ಕೆ ಬಂದ ಮೇಲೆ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ ಇಳಿಸುತ್ತೇವೆ. ಹಾಗಾಗಿ ಜೀವನಪೂರ್ತಿ ಎಂಬ ಭಯ ಬೇಡ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ನೋವು ಸ್ವಲ್ಪ ಕಾಲ ಹೆಚ್ಚಾಗಬಹುದು, ನಿಂತ ಮೇಲೆ ಅನೇಕರಿಗೆ ಇಳಿಯುತ್ತದೆ.

ಹಣೆಗೆ ಮುಲಾಮು, ತಣ್ಣೀರು ಪಟ್ಟಿ, ಕತ್ತಲೆ ಕೋಣೆ ಇವುಗಳಿಂದ ನಷ್ಟವಿಲ್ಲ. ಎಣ್ಣೆಧಾರೆ ಹಾಯೆನಿಸಿದರೆ ಮಾಡಿಸಿ. ಆದರೆ ಒಳಗೇನಿದೆ ಎಂದು ಬರೆಯದ ಪೊಟ್ಟಣದ ಪುಡಿ, ಗುಳಿಗೆ ಬೇಡ. ಅಂಥವುಗಳಲ್ಲಿ ಸೀಸ, ಸ್ಟೀರಾಯ್ಡ್ ಪತ್ತೆಯಾದದ್ದುಂಟು.

ಒಂದು ವಿಷಯ ನೀವು ಬರೆದಿಲ್ಲ. ನೋವಿಗೆ ಮುಂಚೆ ಕಣ್ಣೆದುರು ಮಿಂಚುವ ಅಂಕುಡೊಂಕು ಗೆರೆ ಕಾಣುತ್ತದೆಯೇ? ಕಾಣುತ್ತಿದ್ದರೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಸ್ತ್ರೀರೋಗ ತಜ್ಞರಿಗೆ ಮೈಗ್ರೇನ್ ಇದೆ ಎಂದು ಹೇಳುವುದನ್ನು ಮರೆಯಬೇಡಿ.

ಕ್ಷಣದಲ್ಲಿ ಸಿಡಿದು ತಾರಕಕ್ಕೇರುವ ನೋವು, ಜ್ವರದೊಡನೆ ಕತ್ತು ಬಗ್ಗದಿರುವುದು, ಕೈಕಾಲಿನ ಬಲ ಅಥವಾ ಮಾತು ತಪ್ಪುವುದು, ದೃಷ್ಟಿ ಮಂಕಾಗುವುದು, ಬಾಣಂತಿಯರಲ್ಲಿ ಹೊಸದಾಗಿ ಶುರುವಾದ ತಲೆನೋವು: ಇವುಗಳಿಗೆ ಕ್ಯಾಲೆಂಡರ್ ಅಲ್ಲ, ಆಸ್ಪತ್ರೆ, ಅದೂ ಅದೇ ದಿನ. 50 ದಾಟಿದ ಮೇಲೆ ಮೊದಲ ಸಲ ತಲೆನೋವು ಬಂದವರೂ, ಕೆಮ್ಮಿದಾಗ ಬಗ್ಗಿದಾಗ ದಿನದಿನಕ್ಕೆ ಏರುವ ನೋವಿದ್ದವರೂ ತಡಮಾಡಬಾರದು. ನಿಮ್ಮ ಹಳೆಯ ನೋವೇ ಗುರುತು ಸಿಗದಷ್ಟು ಚಹರೆ ಬದಲಿಸಿದರೂ ಹಾಗೆಯೇ.

ಮಗಳ ವಿಷಯ. ಮೈಗ್ರೇನ್ ಕುಟುಂಬದಲ್ಲಿ ಹರಿಯುತ್ತದೆ ನಿಜ, ಆದರೆ ನೀವು ಕೊಟ್ಟ ತಪ್ಪೇನೂ ಅದರಲ್ಲಿಲ್ಲ. ಮಕ್ಕಳಲ್ಲಿ ಅದು ಹೆಚ್ಚಾಗಿ ಹಣೆಯ ಎರಡೂ ಕಡೆ ಬರುತ್ತದೆ, ಕಡಿಮೆ ಹೊತ್ತು ಇರುತ್ತದೆ. ಬಸ್ಸಿನಲ್ಲಿ ವಾಂತಿ, ಆಗಾಗ ಹೊಟ್ಟೆನೋವು ಎನ್ನುವ ಮಕ್ಕಳಲ್ಲಿ ಮುಂದೆ ಕಾಣಿಸಿಕೊಳ್ಳುವುದುಂಟು. ಸದ್ಯಕ್ಕೆ ಹೊತ್ತಿಗೆ ಊಟ, ಒಂಬತ್ತು ಗಂಟೆ ನಿದ್ದೆ, ಮಲಗುವ ಮುನ್ನ ಮೊಬೈಲ್ ದೂರ, ಒಮ್ಮೆ ಕಣ್ಣಿನ ಪರೀಕ್ಷೆ. ಔಷಧ ಬೇಕಾದರೆ ಅವಳ ತೂಕ ನೋಡಿ ಮಕ್ಕಳ ವೈದ್ಯರೇ ಬರೆಯಲಿ. ಆಸ್ಪಿರಿನ್ ಇರುವ ಮಾತ್ರೆ ಮಕ್ಕಳಿಗೆ ಬೇಡ. ಬೆಳಗಿನ ಜಾವ ನೋವಿನಿಂದ ಎಚ್ಚರವಾಗುವುದು, ನಡಿಗೆ ತೂರಾಡುವುದು, ಪದೇಪದೇ ವಾಂತಿ ಇದ್ದರೆ ತಡಮಾಡದೆ ತೋರಿಸಿ.